ಸಿಹಿಗುಂಬಳದ ಒಂದೇ ಬಟ್ಟಲು

ಮಾನ ಹೋದದ್ದು ಸೊಸೆಯದು, ಕಳೆದದ್ದು ನನ್ನ ಬಾಯಿ.

ದೋಹಾದಲ್ಲಿ ಸೆಕೆ ಇಳಿಯಿತೆಂದು ಸೊಸೆ ಶ್ವೇತಾ ಬಿಲ್ಡಿಂಗಿನ ಹೆಂಗಸರನ್ನು ಮೊದಲ ಸಲ ಮನೆಗೆ ಕರೆದಿದ್ದಳು. ಒಲೆ ಹಚ್ಚಲೇ ಇಲ್ಲ. ಡಬ್ಬಿಯಲ್ಲಿ ಸಿಗುವ ಸಿಹಿಗುಂಬಳದ ತಿರುಳಿಗೆ ಮೆತ್ತನೆಯ ಚೀಸು, ಸಕ್ಕರೆ, ದಾಲ್ಚಿನ್ನಿ ಹಾಕಿ ತಿರುವಿ, ತಣ್ಣಗೆ ಮಾಡಿ ಒಂದೇ ಬಟ್ಟಲಿನಲ್ಲಿ ನಡುವೆ ಇಟ್ಟಳು. ಎಲ್ಲರೂ ಅದೇ ಬಟ್ಟಲಿಗೆ ಬಿಸ್ಕತ್ತು ಅದ್ದಿ ತಿಂದರು. ಮೇಲಿನ ಮನೆಯ ಲವೀನಾ ಕಚ್ಚಿದ ಬಿಸ್ಕತ್ತನ್ನೇ ಮತ್ತೆ ಅದ್ದಿದಳು.

"ಛೀ, ಎಂಜಲು ಮಾರಾಯ್ತಿ!" ಎಂದು ಕೂಗಿಬಿಟ್ಟೆ.

ಅವಳೂ ನಮ್ಮ ಹಾಗೆ ಮಂಗಳೂರಿನವಳೇ, ನನ್ನ ಮಾತು ಅವಳಿಗೆ ಅರ್ಥವಾಯಿತು. ಬಿಸ್ಕತ್ತು ಕೆಳಗಿಟ್ಟು ಎದ್ದು ಹೋದಳು. ಆಮೇಲೆ ಬಟ್ಟಲನ್ನು ಯಾರೂ ಮುಟ್ಟಲಿಲ್ಲ.

"ಇನ್ನು ಯಾರು ಬರ್ತಾರೆ ಅತ್ತೆ ನಮ್ಮನೆಗೆ? ಖಲಾಸ್!" ಎಂದಳು ಶ್ವೇತಾ.

ಮರುದಿನ ಬೆಳಿಗ್ಗೆ ಮಿಕ್ಕದ್ದಿದ್ದ ಅದೇ ಬಟ್ಟಲು, ಒಂದಿಷ್ಟು ಬಿಸ್ಕತ್ತು ಹಿಡಿದು ಲವೀನಾಳ ಬಾಗಿಲು ತಟ್ಟಿದೆ. ಅವಳೆದುರೇ ಬಿಸ್ಕತ್ತು ಅದ್ದಿ, ಕಚ್ಚಿ, ಮತ್ತೆ ಅದ್ದಿ ತಿಂದೆ.