ಆ ಮಂಜಲ್ಲ

ಅಜ್ಜಂಪುರದಲ್ಲಿ ನಮ್ಮ ಎದುರುಮನೆಯವನು ಚಳಿಗಾಲ ಬಂದರೆ ಉತ್ತರದ ಬೆಟ್ಟಗಳಿಗೆ ಹೋಗುತ್ತಿದ್ದ. ಅಲ್ಲಿ ಹಿಮದ ಮೇಲೆ ಸ್ಕೀಯಿಂಗ್ ಮಾಡಲು ಬಂದವರಿಗೆ ಬೂಟು ತೊಡಿಸುವ ಕೆಲಸ. ಊರಿನಲ್ಲೂ ಅಷ್ಟೇ, ಮಾತಾಡುತ್ತಲೇ ಕುಕ್ಕರಗಾಲಲ್ಲಿ ಕೂತು ಅಳತೆ ಸರಿಯಿದೆಯೇ ಎಂದು ಎದುರಿದ್ದವರ ಚಪ್ಪಲಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ.

ಹಿಮಕ್ಕೂ ಅವನು ಮಂಜು ಅಂತಲೇ ಅನ್ನುತ್ತಿದ್ದ. ಹೋದ ವರ್ಷ ದೀಪಾವಳಿ ಕಳೆದು ಸಂಕ್ರಾಂತಿ ಹತ್ತಿರ ಬಂದರೂ ಅಲ್ಲಿ ಹಿಮ ಬೀಳಲಿಲ್ಲ, ಅಲ್ಲಿನ ಬೂಟಿನಂಗಡಿ ಮಾಲೀಕನ ಫೋನೂ ಬರಲಿಲ್ಲ. ಯಾರು ಕೇಳಿದರೂ "ಮಂಜು ಬಿದ್ದ ತಕ್ಷಣ ಹೊರಟೆ ಕಣ್ರೀ" ಅನ್ನುತ್ತಿದ್ದ. ಕಟ್ಟಿದ ಬ್ಯಾಗು ಬಾಗಿಲ ಹಿಂದೆಯೇ ಇತ್ತು.

ಒಂದು ಮುಂಜಾನೆ ಹೆಂಡತಿ ಅವನನ್ನು ಎಬ್ಬಿಸಿದಳು: "ಏಳ್ರೀ, ಮಂಜು ಬಿದ್ಬಿಟ್ಟೈತೆ!" ಅಂಗಳದ ಈರುಳ್ಳಿ ರಾಶಿಗೆ ಟಾರ್ಪಾಲು ಹೊದಿಸಲು ಆಕೆ ಕರೆದದ್ದು. ಇವನು ನಿದ್ದೆಗಣ್ಣಲ್ಲೇ ಜರ್ಕಿನ್ ಹಾಕಿಕೊಂಡು, ಬ್ಯಾಗು ಎತ್ತಿಕೊಂಡು ರೈಲ್ವೆ ಸ್ಟೇಷನ್ನಿಗೆ ನಡೆದುಬಿಟ್ಟ.

ನಾನು ಹುಡುಕಿಕೊಂಡು ಹೋಗುವಷ್ಟರಲ್ಲಿ ಬಿಸಿಲೇರಿ ಮಂಜು ಕರಗಿತ್ತು. ಬೆಂಚಿನ ಮೇಲೆ ಕೂತು ತನ್ನ ಬೂಟಿನ ತುದಿಯನ್ನೇ ಒತ್ತಿಕೊಳ್ಳುತ್ತಿದ್ದ.

"ಮನೆಗೆ ನಡಿಯೋ," ಅಂದೆ.

"ಅವಳು ಸುಳ್ಳು ಹೇಳಲ್ಲ ಕಣಣ್ಣ. ಬಿದ್ದಿತ್ತು," ಅಂದ.

ಆಮೇಲೆ ಮಂಜು ಕವಿದ ಬೆಳಗುಗಳಲ್ಲಿ ಆಕೆ ಅವನನ್ನು ಕರೆಯಲೇ ಇಲ್ಲ. ಒಬ್ಬಳೇ ಟಾರ್ಪಾಲು ಎಳೆಯುತ್ತಿದ್ದಳು.