ನಮ್ಮ ಮನೆಯಲ್ಲಿ ಉಳಿದುಹೋದ ಪಾತ್ರೆಗಳು

ಆರ್ಥಿಕ ಕುಸಿತದ ಪಾಠ ಬಂದರೆ ನನಗೆ ಒಂದು ಕಡೆ ನಿಲ್ಲಲಾಗುವುದಿಲ್ಲ. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಆ ಅಧ್ಯಾಯವನ್ನು ಬಾಲ ಸುಟ್ಟ ಬೆಕ್ಕಿನಂತೆ ಕಿಟಕಿಗೂ ಬಾಗಿಲಿಗೂ ಓಡಾಡುತ್ತಲೇ ಮುಗಿಸುತ್ತೇನೆ. "ಮಿಸ್, ಕಾರಣ ಎಷ್ಟು ಪಾಯಿಂಟ್ ಬರೀಬೇಕು?" ಎಂದು ಮುಂದಿನ ಬೆಂಚಿನವರು ಕೇಳುತ್ತಾರೆ. ಐದು ಅಂಕಕ್ಕೆ ಐದು ಎನ್ನುತ್ತೇನೆ. ಹಾಗೆ ಹೇಳುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಈ ಕಾರಣಗಳನ್ನು ನಾನು ಓದಿದ್ದು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುವಾಗ. ಅದೇ ಎರಡು ವರ್ಷ ಭದ್ರಾವತಿಯ ನಮ್ಮ ಬೀದಿಯಲ್ಲಿ ಅವು ಕಣ್ಣೆದುರಿಗೇ ನಡೆಯುತ್ತಿದ್ದವು. ನೋಡಿಯೂ ನನಗೆ ಗುರುತು ಸಿಗಲಿಲ್ಲ.

ನಮ್ಮದು ಕಾರ್ಖಾನೆಯ ಕ್ವಾರ್ಟರ್ಸ್. ಎದುರುಬದುರು ಎರಡು ಸಾಲು ಮನೆ, ನಡುವೆ ಒಂದು ಕಾರು ಕಷ್ಟಪಟ್ಟು ನುಗ್ಗುವಷ್ಟು ರಸ್ತೆ. ಕನ್ನಡದವರು, ತಮಿಳರು, ತೆಲುಗರು, ದಖ್ಖನಿ ಮಾತಾಡುವವರು ಎಲ್ಲ ಇದ್ದರು. ಮಾತು ಬೇರೆ ಬೇರೆಯಾದರೂ ಪಾತ್ರೆಯ ವಿಷಯದಲ್ಲಿ ಎಲ್ಲರಿಗೂ ಒಂದೇ ಕಾನೂನು. ಒಬ್ಬರ ಮನೆಯಿಂದ ಏನಾದರೂ ತುಂಬಿ ಬಂದ ಪಾತ್ರೆಯನ್ನು ಖಾಲಿ ವಾಪಸ್ ಕಳಿಸುವಂತಿಲ್ಲ. ಎದುರುಮನೆ ಆಂಟಿ ಮುರುಕು ಕಳಿಸಿದರೆ ಅದೇ ಡಬ್ಬಿಯಲ್ಲಿ ಅಮ್ಮ ಕೋಡುಬಳೆ ಕಳಿಸಬೇಕು. ಖಾಲಿ ಪಾತ್ರೆ ಹಿಂದಿರುಗಿಸುವುದು ಮನೆ ಖಾಲಿ ಮಾಡಿ ಹೋಗುವವರು ಮಾತ್ರ.

ಈ ಎದುರುಮನೆ ಆಂಟಿ ತಮಿಳಿನವರು. ಅವರ ಗಂಡ, ನಮ್ಮಪ್ಪ ಒಂದೇ ಪಾಳಿಯವರು. ಅಮ್ಮನಿಗೆ ಒಡಹುಟ್ಟಿದವರು ಯಾರೂ ಇಲ್ಲ. ಇಪ್ಪತ್ತು ವರ್ಷದಲ್ಲಿ ಆಂಟಿಯ ಜೊತೆ ಗೇಟಿನ ಬಳಿ ನಿಂತು ನಾಲ್ಕು ಮಾತಾಡದೆ ಅವಳ ದಿನ ಮುಗಿದದ್ದೇ ಇಲ್ಲ. ಅಪ್ಪನಿಗಿಂತ ಹೆಚ್ಚು ಗುಟ್ಟು ಆಂಟಿಗೆ ಗೊತ್ತಿತ್ತು. ಅಮ್ಮನಿಗೆ ಆ ಸ್ನೇಹ ಎಷ್ಟು ದೊಡ್ಡದೆಂದು ಮನೆಯಲ್ಲಿ ನಾವು ಯಾರೂ ಯೋಚಿಸಿದವರಲ್ಲ.

ಕಾರ್ಖಾನೆ ಒಂದೇ ದಿನ ಮುಚ್ಚಲಿಲ್ಲ. ಮೊದಲು ಓವರ್‌ಟೈಮ್ ನಿಂತಿತು. ಮೂರು ಪಾಳಿ ಎರಡಾಯಿತು, ಎರಡು ಒಂದಾಯಿತು, ಸಂಬಳ ತಿಂಗಳು ತಪ್ಪಿ ಬರತೊಡಗಿತು. ಯಂತ್ರ ಹಳೆಯದಾಯಿತು ಎಂದರು ಕೆಲವರು. ಹೊರಗಿನ ಮಾಲು ಅಗ್ಗಕ್ಕೆ ಬರುತ್ತಿದೆ ಎಂದರು ಇನ್ನು ಕೆಲವರು. ನಮ್ಮ ಜಗಲಿಯ ಮೇಲೆ ಕೂತು ಇದನ್ನೆಲ್ಲ ಚರ್ಚಿಸುತ್ತಿದ್ದ ಗಂಡಸರು ಕೊನೆಗೊಂದು ಬೆಳಿಗ್ಗೆ ಗೇಟಿಗೆ ಅಂಟಿಸಿದ ನೋಟಿಸು ಓದಿ ವಾಪಸ್ ಬಂದರು. ಆಮೇಲಿನದು ಸರಪಳಿಯಂತೆ ನಡೆಯಿತು. ಮನೆಮನೆಯಲ್ಲೂ ಪೇಪರ್ ನಿಲ್ಲಿಸಿದರು, ಪೇಪರಿನವನು ಬರುವುದು ನಿಲ್ಲಿಸಿದ. ಗೇಟಿನೆದುರಿನ ಹೋಟೆಲಿನವರು ಒಲೆ ಆರಿಸಿದರು, ಅವರಿಗೆ ತರಕಾರಿ ಹಾಕುತ್ತಿದ್ದವಳು ತಳ್ಳುಗಾಡಿ ಮಾರಿದಳು. ಟೈಲರಿಗೆ ಹೊಸ ಬಟ್ಟೆ ಯಾರೂ ಕೊಡದೆ ಹಳೆಯದರ ಹೊಲಿಗೆ ಬಿಚ್ಚಿ ಅಗಲ ಮಾಡುವ ಕೆಲಸ ಮಾತ್ರ ಉಳಿಯಿತು. ಒಬ್ಬ ಖರ್ಚು ಮಾಡಿದ್ದೇ ಇನ್ನೊಬ್ಬನ ಸಂಪಾದನೆ, ಹೆದರಿ ಎಲ್ಲರೂ ಒಟ್ಟಿಗೇ ಕೈ ಬಿಗಿ ಹಿಡಿದರೆ ಎಲ್ಲರೂ ಒಟ್ಟಿಗೇ ಬಡವರಾಗುತ್ತಾರೆ ಎಂದು ಶಂಕರಘಟ್ಟದಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ದುಂಡಗೆ ಬಾಣ ಎಳೆದು ತೋರಿಸಿದರು. ನಾನು ಅದನ್ನು ಸ್ಕೇಲು ಹಿಡಿದು ಚೆಂದವಾಗಿ ನೋಟ್ಸಿಗೆ ಇಳಿಸಿಕೊಂಡೆ.

ಅಷ್ಟರಲ್ಲಿ ಅಮ್ಮ ಶಿವಮೊಗ್ಗದ ಹುಡುಗರ ಮೆಸ್ ಒಂದರಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದಳು. "ಹೋಗೋದಾದ್ರೆ ಹೋಗು. ಬೀದಿಗೆ ಗೊತ್ತಾಗ್ಬಾರ್ದು" ಎಂದು ಅಪ್ಪ ಒಂದೇ ಮಾತು ಹೇಳಿದ್ದರು. ಅದಕ್ಕೆ ನಾವು ಮೂವರೂ ಸೇರಿ ಅಮ್ಮನಿಗೊಂದು ಮಂಡಿನೋವು ಹುಟ್ಟಿಸಿದೆವು. ದಿನಾ ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋಗಿ ಶಿವಮೊಗ್ಗದ ಪಂಡಿತರೊಬ್ಬರ ಹತ್ತಿರ ಎಣ್ಣೆ ಹಚ್ಚಿಸಿಕೊಂಡು ಬರುತ್ತಾಳೆ ಎಂದು ಸುದ್ದಿ ಹಬ್ಬಿಸಿದೆವು. ಪಾಪ, ಅಮ್ಮ ಬೀದಿ ದಾಟುವವರೆಗೂ ಕುಂಟಬೇಕಿತ್ತು. ಎಷ್ಟೋ ದಿನ ಹೋಗುವಾಗ ಬಲಗಾಲು ಕುಂಟಿ, ಬರುವಾಗ ಎಡಗಾಲು ಕುಂಟಿಕೊಂಡು ಬಂದಿದ್ದಾಳೆ. ನಾನು ನಗುತ್ತಿದ್ದೆ. ಅವಳಿಗೆ ನಗು ಬರುತ್ತಿರಲಿಲ್ಲ.

ಎದುರುಮನೆ ಆಂಟಿಯೂ ದಿನಾ ಶಿವಮೊಗ್ಗಕ್ಕೆ ಹೋಗುತ್ತಿದ್ದರು. ಅವರ ತಂಗಿಗೆ ಹೆರಿಗೆಯಾಗಿತ್ತು, ಬಾಣಂತನ ಮಾಡುವವರಿಲ್ಲ ಎಂದಿದ್ದರು. ಎಂಟು ತಿಂಗಳಾದರೂ ಆ ಬಾಣಂತನ ಮುಗಿಯುವ ಲಕ್ಷಣ ಕಾಣಲಿಲ್ಲ. ಭಾನುವಾರ ಮಾತ್ರ ಬಾಣಂತಿಗೆ ರಜೆ. ಅದು ಹೇಗೆ ಎಂದು ನಮಗೆ ಹೊಳೆಯಲೇ ಇಲ್ಲ. ನಮ್ಮ ಸುಳ್ಳನ್ನು ಕಾಯುವುದರಲ್ಲೇ ನಮಗೆ ಸಾಕುಸಾಕಾಗಿತ್ತು.

ದೀಪಾವಳಿಗೆ ಆಂಟಿಯ ಮನೆಯಿಂದ ಮುರುಕು ಬಂದಿತ್ತು. ಆ ಸಲ ಹಿಡಿಯಷ್ಟೇ. ಡಬ್ಬಿ ವಾಪಸ್ ಹೋಗಲಿಲ್ಲ. ಕೋಡುಬಳೆ ಕರಿಯಲು ಎಣ್ಣೆ ಬೇಕು. ರೇಷನ್ ಅಕ್ಕಿಯದೇನಾದರೂ ಮಾಡಿ ಹಾಕಿದರೆ ಅದು ರೇಷನ್ ಅಕ್ಕಿಯದೆಂದು ಬಾಯಿಗಿಟ್ಟ ತಕ್ಷಣ ಗೊತ್ತಾಗುತ್ತದೆ. ಬರುವ ತಿಂಗಳು ಕಳಿಸಿದರಾಯಿತು ಎಂದು ಅಮ್ಮ ಡಬ್ಬಿಯನ್ನು ತೊಳೆದು ಮೇಲಿಟ್ಟಳು. ಬರುವ ತಿಂಗಳೂ ಅದೇ ಕತೆ. ಹೀಗೆ ಬೀದಿಯವರ ಏಳು ಪಾತ್ರೆ ನಮ್ಮ ಅಡುಗೆಮನೆಯಲ್ಲಿ ಸೇರಿಕೊಂಡವು, ನಮ್ಮವು ಎಲ್ಲೆಲ್ಲೋ ಉಳಿದವು. ಪಾತ್ರೆ ಬಾಕಿ ಇಟ್ಟುಕೊಂಡು ಮುಖ ಹೇಗೆ ತೋರಿಸುವುದು? ಅಮ್ಮ ಆಂಟಿಯ ಗೇಟಿನ ಸದ್ದು ಕೇಳಿದರೆ ಒಳಗೆ ಸರಿಯುತ್ತಿದ್ದಳು. ಆಂಟಿಯೂ ತಲೆ ತಗ್ಗಿಸಿ ಹೋಗುತ್ತಿದ್ದರು. ನಾಲ್ಕು ತಿಂಗಳು ಇಬ್ಬರಿಗೂ ಮಾತಿಲ್ಲ. ಅಮ್ಮ ಬೇಗ ಸಿಡುಕುತ್ತಿದ್ದಳು, ಊಟ ಬಿಡುತ್ತಿದ್ದಳು, ಸುಮ್ಮನೆ ಕಿಟಕಿಯ ಪರದೆ ಸರಿಸಿ ಎದುರು ಮನೆ ನೋಡಿ ಮತ್ತೆ ಎಳೆಯುತ್ತಿದ್ದಳು. ನೋಡಿ ನೋಡಿ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಒಂದು ಭಾನುವಾರ ನನ್ನ ತಾಳ್ಮೆ ಕೆಟ್ಟಿತು. ಹುಡುಗರಿಗೆ ಭಾನುವಾರ ಸ್ಪೆಷಲ್ ಊಟ, ಹಾಗಾಗಿ ಅಮ್ಮ ಮೆಸ್ಸಿಗೆ ಹೋಗಿದ್ದಳು. ಅಪ್ಪ ಎಲ್ಲಿಗೋ ಹೋಗಿದ್ದರು. ಎಲ್ಲ ಬರೀ ಬೂಟಾಟಿಕೆ, ಸ್ಟೀಲು ಡಬ್ಬಿಗಾಗಿ ಮಾತು ಬಿಡುವುದೆಂದರೇನು ಎಂದುಕೊಂಡು ಏಳನ್ನೂ ಚೀಲಕ್ಕೆ ತುಂಬಿ ಹೊರಟೆ. ಮನೆಮನೆಗೆ ಹೋಗಿ ಖಾಲಿ ಪಾತ್ರೆ ಕೈಗಿತ್ತೆ. "ಏನು, ಕ್ವಾರ್ಟರ್ಸ್ ಬಿಡ್ತಿದ್ದೀರಾ?" ಎಂದು ಮೂಲೆಮನೆಯವರು ಕೇಳಿದರು. "ಹಾಗೇ ಅಂದ್ಕೊಳ್ಳಿ" ಎಂದೆ. ನನ್ನ ನಾಲಿಗೆ ಯಾವಾಗಲೂ ಹಾಗೆಯೇ.

ಆಂಟಿ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದರು.

"ಅಮ್ಮ ಕೊಡು ಅಂದ್ರಾ?"

"ಹೂಂ" ಎಂದೆ. ಅದೊಂದು ಸುಳ್ಳು ಯಾಕೆ ಹೇಳಿದೆನೋ ಇವತ್ತಿಗೂ ಗೊತ್ತಿಲ್ಲ. ಬೇಗ ಮುಗಿದರೆ ಸಾಕಾಗಿತ್ತು.

ಅವರು ಒಳಗೆ ಹೋಗಿ ನಮ್ಮ ಎರಡು ಪಾತ್ರೆ ತಂದು, ಸೆರಗಿನಲ್ಲಿ ಒರೆಸಿ ಕೊಟ್ಟರು. ಕೂತ್ಕೋ ಎನ್ನಲಿಲ್ಲ. ಸಂಜೆಯೊಳಗೆ ಉಳಿದ ಮನೆಗಳಿಂದಲೂ ನಮ್ಮ ಪಾತ್ರೆಗಳು ಬಂದವು. ಯಾರೂ ಹೊಸ್ತಿಲು ದಾಟದೆ ಜಗಲಿಯ ಮೇಲೆ ಇಟ್ಟು ಹೋದರು.

ಅಮ್ಮ ಬಂದವಳು ಅವನ್ನು ನೋಡಿ ಚಪ್ಪಲಿಯಲ್ಲೇ ನಿಂತಳು. ನಾನು ನಡೆದದ್ದನ್ನು ಹೆಮ್ಮೆಯಿಂದಲೇ ಹೇಳಿದೆ.

"ಅವಳಿಗೂ ಖಾಲಿ ಕೊಟ್ಯಾ?"

"ಹೂಂ."

"ಯಾರು ಕಳ್ಸಿದ್ದು ಅಂದೆ?"

"ನೀನೇ ಅಂದೆ."

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಜಗಲಿಯಿಂದ ಒಂದು ಬಟ್ಟಲು ಎತ್ತಿಕೊಂಡು ರಸ್ತೆ ದಾಟಿದಳು. ಬೀದಿಯವರೆಲ್ಲ ಹೊರಗಿದ್ದರೂ ಕುಂಟಬೇಕೆಂಬುದು ನೆನಪಾಗಲಿಲ್ಲ. ನಾನು ಹಿಂದೆ ಓಡಿದೆ.

ಆಂಟಿ ಬಾಗಿಲು ಅರ್ಧ ತೆಗೆದರು.

"ಒಂದು ಚಮಚ ಹೆಪ್ಪು ಕೊಡು ಮಾರಾಯ್ತಿ" ಎಂದಳು ಅಮ್ಮ. ನಮ್ಮ ಮನೆಯಲ್ಲಿ ಮೊಸರು ಇತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಹೆಪ್ಪು ಕೇಳುವವಳೂ ಅವಳಲ್ಲ. ಖಾಲಿ ಬಟ್ಟಲು ಹಿಡಿದು ಒಬ್ಬರ ಬಾಗಿಲಿಗೆ ಹೋಗಲು ಅವಳಿಗೆ ಬೇರೆ ನೆಪ ಸಿಕ್ಕಿರಲಿಲ್ಲ.

ಆಂಟಿ ಬಟ್ಟಲನ್ನು ತೆಗೆದುಕೊಳ್ಳಲಿಲ್ಲ. "ಹೆಪ್ಪು ಎಲ್ಲಿಂದ ಬರ್ಬೇಕಕ್ಕಾ? ನಾವು ಹಾಲು ತಗೊಳ್ಳೋದು ಬಿಟ್ಟು ಮೂರು ತಿಂಗಳಾಯ್ತು."

"ನಂಗೊಂದು ಮಾತು ಹೇಳೋದಲ್ವಾ?" ಅಮ್ಮನ ದನಿ ಸಿಟ್ಟಿನಲ್ಲೇ ಎದ್ದಿತು.

"ನೀವು ಹೇಳಿದ್ರಾ?"

ಅಮ್ಮ ತಡವರಿಸಿದಳು. "ನನ್ ಕಾಲು…"

"ನಿಮ್ ಕಾಲಿಗೇನೂ ಆಗಿಲ್ಲ. ಬಸ್ ಸ್ಟ್ಯಾಂಡಲ್ಲಿ ನೀವು ಓಡಿ ಬಸ್ ಹತ್ತೋದನ್ನ ಎಷ್ಟು ಸಲ ನೋಡಿದೀನಿ. ನನ್ ತಂಗಿ ಮಗುನೂ ಈಗ ಅಂಬೆಗಾಲಿಡ್ತಿದೆ. ನಾನು ಗಾರ್ಮೆಂಟ್ಸ್‌ಗೆ ಹೋಗ್ತೀನಕ್ಕಾ. ಮೊದಲು ನಾನೂ ಏಳೂವರೆ ಬಸ್ಸಿಗೇ ಬರ್ತಿದ್ದೆ. ನಿಮ್ಮನ್ನ ನೋಡಿದ್ಮೇಲೆ ಏಳರದ್ದಕ್ಕೆ ಹೋಗ್ತೀನಿ."

"ಯಾಕೆ?"

"ನಾನು ಕಣ್ಣಿಗೆ ಬಿದ್ರೆ ನಿಮಗೆ ನಾಚಿಕೆ ಆಗುತ್ತೆ ಅಂತ."

"ಅಷ್ಟು ಬೇಗ ಗೇಟ್ ತೆಗೀತಾರಾ ಅಲ್ಲಿ?"

"ಇಲ್ಲ. ಎಂಟೂವರೆಗೆ ತೆಗೆಯೋದು. ಹೊರಗೆ ಕಟ್ಟೆ ಮೇಲೆ ಕೂತಿರ್ತೀನಿ."

ಅಮ್ಮ ಬಾಗಿಲನ್ನು ಪೂರ್ತಿ ತಳ್ಳಿ ಒಳಗೆ ಹೋದಳು. ಇಬ್ಬರೂ ಅತ್ತರು, ಬೈದಾಡಿಕೊಂಡರು, ಮತ್ತೆ ಅತ್ತರು. ನಾನು ಹೊರಗೆ ಗೇಟಿನ ಚಿಲಕ ಹಾಕುತ್ತ ತೆಗೆಯುತ್ತ ನಿಂತಿದ್ದೆ. ನಮ್ಮಮ್ಮನ ಮರ್ಯಾದೆ ಉಳಿಸಲು ದಿನಾ ಮುಕ್ಕಾಲು ಗಂಟೆ ರಸ್ತೆ ಬದಿ ಕೂತಿದ್ದ ಹೆಂಗಸಿನ ಕೈಗೆ ನಾನು ಖಾಲಿ ಡಬ್ಬಿ ಕೊಟ್ಟಿದ್ದೆ. ನನಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಆಂಟಿ ನಮ್ಮ ಗೇಟಿನ ಬಳಿ ನಿಂತು, ಎರಡೂ ಸಾಲಿನ ಮನೆಗಳಿಗೆ ಕೇಳುವಂತೆ ಕೂಗಿದರು: "ಅಕ್ಕಾ, ಕೆಲಸಕ್ಕೆ ಹೊತ್ತಾಯ್ತು!"

ಒಳಗೆ ಅಪ್ಪನ ಕೈಯ ಲೋಟ ಹಾಗೇ ನಿಂತಿತು. "ಮೆಲ್ಲಗೆ ಕರೀಬಾರ್ದಾ ಅವರು" ಎಂದರು. ಅಮ್ಮ ಅವರ ಮುಖ ನೋಡಿದಳು, ಆಮೇಲೆ ಇನ್ನೂ ಜೋರಾಗಿ "ಬಂದೆ ಮಾರಾಯ್ತಿ!" ಎಂದಳು. ಅಪ್ಪ ಒಂದು ವಾರ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ.

ಶಂಕರಘಟ್ಟದ ಬಸ್ಸಿಗೆ ನಾನೂ ಅವರ ಜೊತೆಗೇ ಹೊರಟೆ. ನಾಲ್ಕು ಹೆಜ್ಜೆ ನಡೆಯುವುದರಲ್ಲಿ ಅಮ್ಮ ಅಭ್ಯಾಸಬಲದಿಂದ ಕುಂಟತೊಡಗಿದಳು. "ಇವತ್ತು ಯಾವ ಕಾಲಕ್ಕಾ?" ಎಂದರು ಆಂಟಿ. ಅಮ್ಮ ಎಷ್ಟೋ ತಿಂಗಳ ಮೇಲೆ ನಕ್ಕಳು. ಅವಳು ಎರಡು ಹೆಜ್ಜೆ ಮುಂದೆ ಹೋದಾಗ ನಾನು ಧೈರ್ಯ ಮಾಡಿದೆ.

"ತಪ್ಪಾಯ್ತು ಆಂಟಿ. ಅಮ್ಮ ಕಳ್ಸಿರ್ಲಿಲ್ಲ. ನಾನೇ ತಂದಿದ್ದು."

ಅವರು ನನ್ನ ತೋಳು ಹಿಡಿದುಕೊಂಡರು. "ನೀನಾದ್ರೂ ಬಂದು ಬಾಗಿಲು ತಟ್ಟಿದೆಯಲ್ಲ ಕಂದಾ. ನಾಲ್ಕು ತಿಂಗಳಿಂದ ನಮ್ಮನೆ ಬಾಗಿಲು ಯಾರೂ ತಟ್ಟಿರಲಿಲ್ಲ."