ಕಸದ ಬುಟ್ಟಿಯಲ್ಲಿ ಜೋಪಾನವಾಗಿಟ್ಟ ಕಪ್ಪೆಗಳು

ಅವರ ನಿಜವಾದ ಹೆಸರು ಸಂಬಳದ ಚೀಟಿಗೆ ಬಿಟ್ಟರೆ ವಿಶ್ವವಿದ್ಯಾಲಯದಲ್ಲಿ ಬೇರೆ ಯಾರಿಗೂ ಬೇಕಾಗಿರಲಿಲ್ಲ. ‘ಬುಟ್ಟಿ ಸಾರ್’ ಅಂದರೆ ಗೇಟಿನ ಬಳಿ ಮಲಗುವ ನಾಯಿಗೂ ಗೊತ್ತಿತ್ತು. ಟೈಪಿಂಗ್ ಕಲಿಸುವ ಮೇಷ್ಟ್ರಾಗಿ ಕೆಲಸಕ್ಕೆ ಸೇರಿದವರು. ಟೈಪ್‌ರೈಟರುಗಳನ್ನು ಗುಜರಿಗೆ ಸಾಗಿಸಿದಾಗ ಇವರನ್ನೂ ಅವುಗಳ ಜೊತೆ ಕಳಿಸಬಹುದೆಂದು ಯಾರಿಗೂ ಹೊಳೆಯಲಿಲ್ಲ. ಹೀಗಾಗಿ ಅದೇ ಮೇಜಿನ ಮೇಲೆ ಕಂಪ್ಯೂಟರ್ ಬಂದು ಕೂತಿತು, ಇವರು ಅದೇ ಕುರ್ಚಿಯಲ್ಲಿ ಕೂತಿದ್ದಂತೆಯೇ ಮೇಲ್ ಮತ್ತು ಫೈಲುಗಳ ಉಸ್ತುವಾರಿ ಅಧಿಕಾರಿಯಾದರು.

ಆಗ ಮೇಲ್‌ಗಳೆಲ್ಲ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಸರ್ವರ್ ಎಂಬ ಗುರುಗುಟ್ಟುವ ಪೆಟ್ಟಿಗೆಯೊಳಗೆ ವಾಸವಾಗಿದ್ದವು. ಇಡೀ ಕ್ಯಾಂಪಸ್ಸಿನಲ್ಲಿ ಎಸಿ ಇದ್ದದ್ದು ಕುಲಪತಿಗಳಿಗೆ ಮತ್ತು ಈ ಪೆಟ್ಟಿಗೆಗೆ. ಇಬ್ಬರಲ್ಲಿ ಕೆಲಸ ಮಾಡುತ್ತಿದ್ದದ್ದು ಪೆಟ್ಟಿಗೆ. ಅದರಲ್ಲಿ ಪ್ರತಿಯೊಬ್ಬ ಪ್ರೊಫೆಸರರಿಗೂ ಅಂಗೈಯಗಲ ಜಾಗ. ಅದು ತುಂಬಿದ ಕೂಡಲೇ ಅವರು ಬುಟ್ಟಿ ಸಾರ್ ಮೇಲೆ ಹರಿಹಾಯುತ್ತಿದ್ದರು.

“ಮೇಲ್ ಬರ್ತಿಲ್ಲ ಕಣ್ರೀ. ತುಂಬಿದೆ ಅಂತಿದೆ. ನಾನೇನು ತುಂಬಿದೀನಿ ಅದ್ರಲ್ಲಿ?” ಎಂದು ಒಂದು ದಿನ ಪ್ರಾಣಿಶಾಸ್ತ್ರದ ಮುಖ್ಯಸ್ಥರು ಬಂದು ನಿಂತರು.

“ಸಾರ್, ಕನ್ನಡಕದ ಅಂಗಡಿ ಜಾಹೀರಾತೇ ರಾಶಿ ಬಿದ್ದಿದೆ. ಅಳಿಸಿಬಿಡ್ಲಾ?”

“ಇರ್ಲಿ ಇರ್ಲಿ. ಮುಂದೆ ಬೇಕಾದ್ರೆ?”

ಸಾರ್‌ಗೆ ರೇಗಿತು. ರೇಗಿದಾಗಲೇ ಅವರಿಗೆ ಬುದ್ಧಿ ಓಡುವುದು. ಆ ಸರ್ವರ್‌ಗೊಂದು ವಿಚಿತ್ರ ಗುಣವಿತ್ತು: ಅಳಿಸಿದ್ದೆಲ್ಲ ಹೋಗಿ ಕೂರುವ ಕಸದ ಬುಟ್ಟಿಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಬುಟ್ಟಿಗೆ ಆನೆ ಹಾಕಿದರೂ ಅಂಗೈಯಗಲ ಜಾಗ ಹಾಗೇ ಇರುತ್ತಿತ್ತು. ಬುಟ್ಟಿಯನ್ನು ಖಾಲಿ ಮಾಡಬೇಕಾದವರು ಇವರೇ, ಇವರು ಮಾಡುತ್ತಿರಲಿಲ್ಲ. ಈ ಗುಟ್ಟನ್ನು ಅವತ್ತು ಮುಖ್ಯಸ್ಥರ ಕಿವಿಯಲ್ಲಿ ಊದಿದರು: “ಮುಖ್ಯವಾದದ್ದನ್ನೆಲ್ಲ ಕಸದ ಬುಟ್ಟಿಗೆ ಹಾಕ್ಬಿಡಿ ಸಾರ್. ಯಾರೂ ಮುಟ್ಟಲ್ಲ.”

ಟೀ ಹೊತ್ತಿಗೆ ಗುಟ್ಟು ಕ್ಯಾಂಪಸ್ಸೆಲ್ಲ ಸುತ್ತಿ ಬಂದಿತ್ತು. ಅಂದಿನಿಂದ ಆ ವಿದ್ಯಾಸಂಸ್ಥೆಯ ಸಂಪ್ರದಾಯವೇ ಬುಡಮೇಲಾಯಿತು. ಮೇಲ್ ಪೆಟ್ಟಿಗೆಯಲ್ಲಿ ಜಾಹೀರಾತು, ಹುಟ್ಟುಹಬ್ಬದ ಹಾರೈಕೆ, ಕಳೆದುಹೋದ ಕೊಡೆಯ ಪ್ರಕಟಣೆ. ಕಸದ ಬುಟ್ಟಿಯಲ್ಲಿ ಪ್ರಶ್ನೆಪತ್ರಿಕೆ, ನೇಮಕಾತಿ ಆದೇಶ, ಪ್ರಬಂಧದ ಅಧ್ಯಾಯಗಳು. “ಆ ಫೈಲ್ ಎಲ್ರೀ?” ಎಂದು ಕೇಳಿದರೆ “ಕಸದಲ್ಲಿ ಭದ್ರವಾಗಿದೆ ಸಾರ್” ಎಂದು ಎದೆಯುಬ್ಬಿಸಿ ಹೇಳುವ ಕಾಲ ಬಂತು. ಬದುಕಿನಲ್ಲಿ ಸಾರ್‌ಗೆ ಸಿಕ್ಕಿದ ಕೀರ್ತಿಯೆಂದರೆ ಇದೊಂದೇ. ಬುಟ್ಟಿ ಅನ್ನುವ ಬಿರುದನ್ನು ಅವರು ಶಾಲು ಹೊದೆಸಿಕೊಂಡಷ್ಟೇ ಖುಷಿಯಿಂದ ಹೊತ್ತು ತಿರುಗಿದರು.

ಅವರ ಮಾತಿಗೆ ಕವಡೆ ಕಿಮ್ಮತ್ತು ಕೊಡದಿದ್ದವರು ಒಬ್ಬರೇ, ಅವರ ಹೆಂಡತಿ. ಅದೇ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವ ‘ಕಪ್ಪೆ ಮೇಡಂ’. ತಲೆಗೂದಲು ಬೆಳ್ಳಗಾಗತೊಡಗಿದ ಮೇಲೆ ಪಿಎಚ್‌ಡಿಗೆ ಕೂತ ಹಠಮಾರಿ. ಹಾಸ್ಟೆಲಿನ ಹಿಂದೆ ಒಂದು ಹೊಂಡವಿತ್ತು. ಮುಸ್ಸಂಜೆಯಾದರೆ ಸಾಕು, ಅಲ್ಲಿ ಕಪ್ಪೆಗಳ ಸಭೆ. ಯಾವ ಕಪ್ಪೆ ಯಾವಾಗ, ಯಾಕೆ ಕೂಗುತ್ತದೆ ಎಂಬುದು ಅವರ ವಿಷಯ. ಗಂಡನ ಕೆಲಸ ಸ್ಕೂಟರ್ ಓಡಿಸುವುದು, ಕೋಲಿಗೆ ಕಟ್ಟಿದ ಮೈಕನ್ನು ನೀರಿನ ಮೇಲೆ ಅಲುಗಾಡದಂತೆ ಹಿಡಿಯುವುದು ಮತ್ತು ಸೀನದಿರುವುದು. ಮೊದಲೆರಡನ್ನು ಅವರು ಚೆನ್ನಾಗಿಯೇ ಮಾಡುತ್ತಿದ್ದರು. ಅಪರೂಪದ ಕಪ್ಪೆಯೊಂದು ಗಂಟಲು ಸರಿ ಮಾಡಿಕೊಳ್ಳುವ ಹೊತ್ತಿಗೇ ಇವರ ಮೂಗಿನಲ್ಲಿ ಗಾಳಿ ಏಳುತ್ತಿತ್ತು. ಕಪ್ಪೆ ಪುಳಕ್ಕೆಂದು ನೀರಿಗೆ ಹಾರಿದರೆ ಮೇಡಂ ಬಾಯಿಂದ ಸಹಸ್ರನಾಮ.

ಆಮೇಲೆ ಹೊಂಡವನ್ನು ಮಣ್ಣು ಸುರಿದು ಮುಚ್ಚಿ, ಅದರ ಮೇಲೆ ಹೊಸ ಆಡಳಿತ ಕಟ್ಟಡ ಎಬ್ಬಿಸಿದರು. ಈಗ ಕುಲಸಚಿವರ ಕುರ್ಚಿ ಇರುವುದು ಕಪ್ಪೆಗಳ ಸಭೆ ನಡೆಯುತ್ತಿದ್ದ ಜಾಗದಲ್ಲಿಯೇ. ಸಭೆಗಳು ಈಗಲೂ ನಡೆಯುತ್ತವೆ, ಕೇಳುವಂಥದ್ದು ಏನೂ ಇರುವುದಿಲ್ಲ ಅಷ್ಟೆ. ಆ ಕಪ್ಪೆಗಳ ಕೂಗು ಇನ್ನು ಉಳಿದಿದ್ದದ್ದು ಮೇಡಂ ಮಾಡಿಕೊಂಡಿದ್ದ ರೆಕಾರ್ಡಿಂಗುಗಳಲ್ಲಿ ಮಾತ್ರ.

“ಜಾಗ ಸಾಲದಿದ್ರೆ ಬುಟ್ಟಿಗೆ ಹಾಕೇ” ಎಂದು ಸಾರ್ ಹಿಂದೊಮ್ಮೆ ಹೇಳಿ ನೋಡಿದ್ದರು.

“ನನ್ನ ಕಪ್ಪೆಗಳನ್ನ ಕಸಕ್ಕೆ ಹಾಕ್ಬೇಕಾ? ನಿಮ್ಮ ತಲೆ!” ಎಂದು ಮೇಡಂ ಮೂಗು ಮುರಿದಿದ್ದರು. ಅಲ್ಲಿಗೆ ಆ ಮಾತು ಮುಗಿಯಿತು.

ಹೀಗಿರುವಾಗ ಕ್ಲೌಡ್ ಬಂತು. ಟೈ ಕಟ್ಟಿಕೊಂಡ ಯುವಕನೊಬ್ಬ ಪರದೆಯ ಮೇಲೆ ಬಿಳಿ ಮೋಡದ ಚಿತ್ರ ತೋರಿಸಿ, ಇನ್ನು ನಿಮ್ಮ ಮೇಲ್, ಫೈಲು ಎಲ್ಲ ಇಲ್ಲೇ ಇರುತ್ತವೆ, ಜಾಗಕ್ಕೆ ಬರವಿಲ್ಲ ಎಂದ. ಪ್ರೊಫೆಸರರು ಚಪ್ಪಾಳೆ ತಟ್ಟಿ ಬಿಸ್ಕತ್ತು ತಿಂದರು. ಸಾರ್ ಒಬ್ಬರೇ ಕೂತು ನಿಯಮಗಳನ್ನು ಓದಿದರು. ಓದುತ್ತ ಓದುತ್ತ ಒಂದು ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಹೊಸ ವ್ಯವಸ್ಥೆಯಲ್ಲಿ ಕಸ ಅಂದರೆ ಕಸವೇ. ಬುಟ್ಟಿಗೆ ಬಿದ್ದದ್ದು ತಿಂಗಳಾದರೆ ತಾನಾಗಿಯೇ ಮಾಯ.

ಕೂಡಲೇ ಎಲ್ಲರಿಗೂ ಸುತ್ತೋಲೆ ಕಳಿಸಿದರು: ಬುಟ್ಟಿಯಲ್ಲಿರುವುದನ್ನೆಲ್ಲ ತಕ್ಷಣ ಹೊರಗೆ ತೆಗೆಯಿರಿ. ಮತ್ತೆ ಕಳಿಸಿದರು. ‘ಅತಿ ಮುಖ್ಯ’ ಎಂದು ಕೆಂಪಕ್ಷರದಲ್ಲಿ ಇನ್ನೊಮ್ಮೆ ಕಳಿಸಿದರು. ಅದೇ ಯಡವಟ್ಟಾಯಿತು. ಅತಿ ಮುಖ್ಯ ಎಂದು ಕಂಡದ್ದೇ ತಡ, ಮಹನೀಯರೆಲ್ಲ ಅದನ್ನು ಓದದೆಯೇ ಜೋಪಾನವಾಗಿ ಕಸದ ಬುಟ್ಟಿಗೆ ಹಾಕಿಟ್ಟುಕೊಂಡರು.

ತಿಂಗಳು ಕಳೆಯಿತು, ಬುಟ್ಟಿಗಳು ಬರಿದಾದವು. ಸಾರ್ ಕೋಣೆಯ ಮುಂದೆ ಬಾಯಿ ಬಡಿದುಕೊಳ್ಳುವವರ ಸಾಲು ನಿಂತಿತು. ಪುಣ್ಯಕ್ಕೆ ನಿಯಮದಲ್ಲೊಂದು ಸಂದಿ ಇತ್ತು: ಉಸ್ತುವಾರಿಯವರು ಮನಸ್ಸು ಮಾಡಿದರೆ ಇನ್ನು ಕೆಲವು ವಾರ ಕಳೆದದ್ದನ್ನು ವಾಪಸು ತರಿಸಬಹುದು. ಒಂದು ಖಾತೆ ಮುಗಿದ ಮೇಲೆಯೇ ಇನ್ನೊಂದು, ಒಂದೊಂದಕ್ಕೂ ಗಂಟೆಗಟ್ಟಲೆ. ಸಾರ್ ಊಟ ತಿಂಡಿ ಮರೆತು ಕೂತರು. ಇತಿಹಾಸದವರ ಶಾಸನಗಳು ಬಂದವು, ಗಣಿತದವರ ಸಮೀಕರಣಗಳು ಬಂದವು, ಕುಲಪತಿಗಳು ಯಾರಿಗೋ ಬರೆದಿಟ್ಟ ಪದ್ಯಗಳೂ ಬಂದವು. ಪದ್ಯಗಳನ್ನು ಅಲ್ಲೇ ಬಿಡಬಹುದಿತ್ತು.

ಹೆಂಡತಿಯ ಖಾತೆಯನ್ನು ಮಾತ್ರ ಅವರು ತೆರೆದು ನೋಡಲಿಲ್ಲ. ತನ್ನ ಮಾತನ್ನು ಎಂದೂ ಕಿವಿಗೆ ಹಾಕಿಕೊಳ್ಳದ ಹೆಣ್ಣು, ಅವಳ ಕಪ್ಪೆಗಳು ಸುರಕ್ಷಿತ ಎಂದು ನಿಶ್ಚಿಂತೆಯಾಗಿದ್ದರು. ನಿಶ್ಚಿಂತೆಯ ತಳದಲ್ಲಿ ಒಂದಿಷ್ಟು ನೋವೂ ಇತ್ತು. ಊರಿಗೆಲ್ಲ ಬುದ್ಧಿ ಹೇಳಿದ ಗಂಡ ಅವಳಿಗೆ ಬೇಡವಾಗಿದ್ದನಲ್ಲ.

ಗಡುವಿನ ಕೊನೆಯ ಮಧ್ಯಾಹ್ನ ಕುಲಸಚಿವರು ಬಂದರು. ಸಾಲಿನಲ್ಲಿ ನಿಲ್ಲುವುದು ಅವಮಾನವೆಂದು ಅಷ್ಟು ದಿನ ಬರದೇ ಇದ್ದವರು, ಈಗ ನೇರ ಒಳಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು.

“ನಂದು ಮೊದ್ಲು ಮಾಡ್ರೀ. ನಿಮ್ಮ ಸೇವೆ ಮುಂದುವರಿಸೋಕೆ ಸಮಿತಿ ಒಪ್ಪಿದ ಪತ್ರಾನೂ ಅದ್ರಲ್ಲೇ ಇದೆ, ಬೇರೆ ಪ್ರತಿ ಇಲ್ಲ. ಮುಖ್ಯವಾದದ್ದು ಅಂತ ನಾನೇ ಬುಟ್ಟೀಲಿಟ್ಟಿದ್ದೆ.”

ಆ ಸೆಮಿಸ್ಟರ್ ಮುಗಿದರೆ ಸಾರ್ ನಿವೃತ್ತಿ. ಇನ್ನೆರಡು ವರ್ಷ ಸಿಗಲಿ ಎಂದು ಅವರು ಎಷ್ಟು ಬಾಗಿಲು ತಟ್ಟಿದ್ದರೆಂದು ಅವರಿಗೇ ಗೊತ್ತು. ಈ ಕುರ್ಚಿ ಬಿಟ್ಟರೆ ಆಮೇಲೆ ಅವರು ಬುಟ್ಟಿ ಸಾರ್ ಅಲ್ಲ, ತರಕಾರಿ ಚೀಲ ಹಿಡಿದ ಯಾರೋ ಒಬ್ಬರು. ಸಮಿತಿ ಮತ್ತೆ ಸೇರುವುದು ಮುಂದಿನ ವರ್ಷ. ಗಡುವು ಮುಗಿಯುವುದರೊಳಗೆ ಇನ್ನೊಂದೇ ಖಾತೆಗೆ ಸಮಯವಿತ್ತು. ಅವರ ಬೆರಳು ಕೀಲಿಮಣೆಯ ಮೇಲಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಕಪ್ಪೆ ಮೇಡಂ ಕಂಡರು. ಏದುಸಿರು, ಮುಖದಲ್ಲಿ ರಕ್ತವಿಲ್ಲ.

“ನೀನ್ಯಾಕೆ ಬಂದೆ?”

“ರೀ... ಕಪ್ಪೆಗಳು ಇಲ್ಲ. ಪರೀಕ್ಷಕರು ಮೂಲ ರೆಕಾರ್ಡಿಂಗ್ ಕೇಳಿದಾರೆ. ಈಗ ತೆಗೆದು ನೋಡಿದ್ರೆ ಬುಟ್ಟಿ ಖಾಲಿ.”

“ಬುಟ್ಟೀಲಿ ಹಾಕಿದ್ಯಾ? ನೀನು?”

“ನೀವೇ ಹೇಳಿದ್ರಲ್ಲ.”

“ಮತ್ತೆ ಇಷ್ಟು ದಿನ ಎಲ್ಲಿದ್ದೆ?”

“ಊರಿನವರದ್ದೆಲ್ಲ ತೆಗೀತಿದೀರಿ, ಮನೆಯವಳದ್ದು ಮೊದ್ಲೇ ತೆಗೆದಿಟ್ಟಿರ್ತೀರಿ ಅಂದ್ಕೊಂಡೆ.”

ಸಾರ್ ಹೆಂಡತಿಯನ್ನು ನೋಡಿದರು, ಕುಲಸಚಿವರನ್ನು ನೋಡಿದರು. “ಒಂದ್ನಿಮಿಷ ಸಾರ್, ನಿಮ್ದೇ ಹಾಕ್ತಿದೀನಿ” ಎನ್ನುತ್ತ ಹೆಂಡತಿಯ ಖಾತೆಯ ಹೆಸರು ಒತ್ತಿದರು. ಟೈಪಿಂಗ್ ಮೇಷ್ಟ್ರ ಕೈ, ನೋಡುವವರಿಗೆ ತಿಳಿಯಲಿಲ್ಲ.

ಕುಲಸಚಿವರು ಅಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತು, ಎರಡು ಟೀ ಕುಡಿದು, ಸಣ್ಣಗೆ ಗೊರಕೆಯನ್ನೂ ಹೊಡೆದರು. ಮೇಡಂ ಗೋಡೆಗೊರಗಿ ನಿಂತೇ ಇದ್ದರು. ಕೊನೆಗೂ ಪರದೆಯ ಮೇಲೆ ಫೈಲುಗಳು ಸಾಲುಸಾಲಾಗಿ ಇಳಿದವು. ಸರಿಯಿದೆಯೇ ನೋಡಲು ಸಾರ್ ಒಂದನ್ನು ಒತ್ತಿದರು. ಕೋಣೆ ತುಂಬ ಟ್ರೊಂಯ್ ಟ್ರೊಂಯ್ ಎಂದು ಹೊಂಡವೇ ಎದ್ದು ನಿಂತಿತು. ಅದರ ನಡುವೆ ಒಂದು ಭಾರಿ ಸೀನು, ಪುಳಕ್ಕೆಂಬ ಸದ್ದು, “ಥೂ, ನಿಮ್ಮ ಮೂಗಿಗಿಷ್ಟು!” ಎಂಬ ಹೆಣ್ಣು ಧ್ವನಿ.

ಕುಲಸಚಿವರು ಬೆಚ್ಚಿ ಎದ್ದರು. “ಇದು ನಂದಾ?”

“ಅಲ್ಲ ಸಾರ್, ನಿಮಗಿಂತ ಮೊದ್ಲು ನಿಮ್ಮ ಕೋಣೇಲಿ ಇದ್ದವರದ್ದು” ಎಂದರು ಸಾರ್.

ಗಡುವು ಮುಗಿದಿತ್ತು. ವಿಷಯ ತಿಳಿದ ಕುಲಸಚಿವರು ಏನೇನೆಂದರು ಎಂಬುದನ್ನು ಅಚ್ಚು ಹಾಕುವಂತಿಲ್ಲ. “ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ, ಅನುಭವಿಸಿ” ಎಂಬುದು ಅದರಲ್ಲಿ ಮರ್ಯಾದೆಯಾಗಿದ್ದ ಭಾಗ.

ಸೆಮಿಸ್ಟರ್ ಮುಗಿಯಿತು, ಸಾರ್ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಸಹೋದ್ಯೋಗಿಗಳು ನೀಲಿ ಬಣ್ಣದ ಪ್ಲಾಸ್ಟಿಕ್ ಕಸದ ಬುಟ್ಟಿಯೊಂದನ್ನು ಕೊಟ್ಟು ಕೇಕೆ ಹಾಕಿ ನಕ್ಕರು. ಸಾರೂ ನಕ್ಕರು. ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಹೆಂಡತಿಯ ಜೊತೆ ಸ್ಕೂಟರಿನ ಕಡೆ ನಡೆಯುವಾಗ, ಆಡಳಿತ ಕಟ್ಟಡದ ಮುಂದೆ ಅವರಿಗೆ ನಗು ನಿಂತುಹೋಯಿತು.

“ಅವತ್ತು ಅವರದ್ದು ಮಾಡಿದ್ರೆ ಇನ್ನೆರಡು ವರ್ಷ ಇರ್ತಿದ್ರಿ” ಎಂದರು ಮೇಡಂ.

“ಹೂಂ.”

“ನೀವು ಹೇಳಿದ್ದನ್ನೆಲ್ಲ ನಾನು ಕೇಳ್ತಿದ್ದೆ ಕಣ್ರೀ, ಮೊದಲಿಂದ್ಲೂ. ನಿಮಗೆ ಗೊತ್ತಾದ್ರೆ ತಲೆ ಮೇಲೆ ಕೂತ್ಕೋತೀರಿ ಅಂತ ಹೇಳ್ತಿರಲಿಲ್ಲ.”

ಸಾರ್ ಕಣ್ಣು ತುಂಬಿತು, ಮೂಗು ಕೆರಳಿತು. ಹಳೆಯ ಅಭ್ಯಾಸ, ಬುಟ್ಟಿ ಕೆಳಗಿಟ್ಟು ಎರಡೂ ಕೈಯಲ್ಲಿ ಮೂಗು ಅದುಮಿ ಹಿಡಿದುಕೊಂಡರು.

“ಸೀನಿಬಿಡಿ” ಎಂದರು ಮೇಡಂ. “ಇಲ್ಲಿ ಹಾರಿಹೋಗೋಕೆ ಈಗ ಯಾವ ಕಪ್ಪೆನೂ ಇಲ್ಲ.”